ಗೋಡೆಯ ಬೂಷ್ಟು ತೆಗೆಸೋಕೆ ಎಷ್ಟಾಗುತ್ತೆ? ದುಡ್ಡು ಕೊಡುವ ಮುಂಚೆ ತಿಳಿದಿರಬೇಕಾದ ಲೆಕ್ಕ

ಬೆಡ್‌ರೂಮಿನ ಒಂದು ಗೋಡೆ. ಆಚೆ ಬದಿಗೆ ಬಾತ್‌ರೂಮು. ನೆಲದಿಂದ 3 ಅಡಿ ಎತ್ತರದವರೆಗೆ ಬಣ್ಣ ಉಬ್ಬಿ ಬಂದಿದೆ. ವಾರ್ಡ್‌ರೋಬ್ ಸರಿಸಿದರೆ ಹಿಂದೆಲ್ಲ ಕಪ್ಪು ಬೂಷ್ಟು. ಬೆಂಗಳೂರಿನಲ್ಲಿ ಇಂಥ ಗೋಡೆಯನ್ನು ಮೂವರಿಗೆ ತೋರಿಸಿ ನೋಡಿ. ಪೇಂಟರ್ 6-8 ಸಾವಿರ ಎನ್ನುತ್ತಾರೆ. ವಾಟರ್‌ಪ್ರೂಫಿಂಗ್ ಕಂಪನಿಯವರು 30 ಸಾವಿರದ ಆಸುಪಾಸಿನ ಕೊಟೇಷನ್ ಕಳಿಸುತ್ತಾರೆ. ಗಾರೆ ಮೇಸ್ತ್ರಿ ಬಾತ್‌ರೂಮಿನ ನೆಲವನ್ನು ತಟ್ಟಿ ನೋಡಿ, "ಪೂರ್ತಿ ಒಡೀಬೇಕು ಸಾರ್, 1 ಲಕ್ಷದ ಹತ್ರ ಆಗುತ್ತೆ" ಎನ್ನುತ್ತಾರೆ. ಗೋಡೆ ಒಂದೇ, ರೇಟು ಮೂರು. ಹಾಗಂತ ಮೂವರಲ್ಲಿ ಯಾರೋ ಮೋಸ ಮಾಡುತ್ತಿದ್ದಾರೆ ಎಂದು ಅಂದುಕೊಳ್ಳಬೇಕಿಲ್ಲ.

ಅವರು ಮಾಡಿಕೊಡುವ ಕೆಲಸವೇ ಬೇರೆ ಬೇರೆ. ಪೇಂಟರ್ ಗೋಡೆ ಚೆನ್ನಾಗಿ ಕಾಣುವಂತೆ ಮಾಡಿಕೊಡುತ್ತಾರೆ. ಕಂಪನಿಯವರು ಗೋಡೆಯ ಈಚೆ ಬದಿಗೆ ನೀರು ತಡೆಯುವ ಒಂದು ಪದರ ಹಚ್ಚುತ್ತಾರೆ. ಮೇಸ್ತ್ರಿ ನೀರು ಹುಟ್ಟುವ ಜಾಗಕ್ಕೇ ಕೈ ಹಾಕುತ್ತಾರೆ. ಮನೆಯವರಿಗೆ ಮಾತ್ರ ಮೂರೂ "ಬೂಷ್ಟು ತೆಗೆಯೋ ಕೆಲಸ" ಅಂತಲೇ ಕಾಣುತ್ತದೆ. ಹಾಗಾಗಿ ಕಡಿಮೆ ಹೇಳಿದವರಿಗೆ ಕೆಲಸ ಒಪ್ಪಿಸುತ್ತಾರೆ. ಮುಂದಿನ ಮಳೆಗಾಲಕ್ಕೆ ಅದೇ ಜಾಗದಲ್ಲಿ ಅದೇ ಕಲೆ, ಮತ್ತೆ ಅದೇ 8 ಸಾವಿರ.

ಬೂಷ್ಟು ತೆಗೆಯುವುದು ಅಗ್ಗದ ಕೆಲಸ. ನೀರು ನಿಲ್ಲಿಸುವುದೇ ದುಬಾರಿ. ಎಷ್ಟು ಅಗಲ ಕಪ್ಪಾಗಿದೆ ಅನ್ನುವುದಕ್ಕಿಂತ, ನೀರು ಎಲ್ಲಿಂದ ಬರುತ್ತಿದೆ, ಆ ಜಾಗ ತಲುಪೋಕೆ ಏನೇನು ಒಡೆಯಬೇಕು ಅನ್ನುವುದರ ಮೇಲೆ ಖರ್ಚು ನಿಂತಿದೆ. ಇದನ್ನು ಗೊತ್ತು ಮಾಡಿಕೊಳ್ಳದೆ ಕೇಳಿದ ಯಾವ ರೇಟಿಗೂ ಅರ್ಥವಿಲ್ಲ.

ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲ ಕಡೆ ಇರುತ್ತವೆ. ಅವನ್ನು ಮನೆಯಿಂದ ಪೂರ್ತಿ ಓಡಿಸೋಕೆ ಯಾರಿಂದಲೂ ಆಗುವುದಿಲ್ಲ. ಅವು ಬೆಳೆಯೋಕೆ ಒದ್ದೆ ಬೇಕು, ತಿನ್ನೋಕೆ ಏನಾದರೂ ಬೇಕು. ಸಿಮೆಂಟು ಅವಕ್ಕೆ ಊಟವಲ್ಲ. ಆದರೆ ಗೋಡೆಯ ಮೇಲೆ ಕೂತ ಧೂಳು, ಬಣ್ಣದಲ್ಲಿರುವ ಅಂಟು, ಪ್ಲೈವುಡ್, ಪುಸ್ತಕ, ಚರ್ಮದ ಬೆಲ್ಟು ಎಲ್ಲವೂ ಊಟವೇ. ಒದ್ದೆಯಾದ ವಸ್ತು 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಷ್ಟು ಶುರುವಾಗಬಹುದು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ತೇವದ ಮನೆಗಳಲ್ಲಿ ಉಬ್ಬಸ, ಕೆಮ್ಮು, ಉಸಿರಾಟದ ತೊಂದರೆ ಜಾಸ್ತಿ ಎಂದು ಅದು ಹೇಳಿತು. ಇಷ್ಟು ಬೂಷ್ಟು ಇದ್ದರೆ ಪರವಾಗಿಲ್ಲ, ಇದಕ್ಕಿಂತ ಜಾಸ್ತಿ ಆದರೆ ಅಪಾಯ ಅನ್ನುವ ಗೆರೆಯನ್ನು ಮಾತ್ರ ಎಳೆಯಲಿಲ್ಲ. ತೇವವನ್ನೇ ತಡೆಯಿರಿ ಎಂದಿತು.

ಮೊದಲು, ಅದು ಬೂಷ್ಟೇನಾ?

ಬೆಂಗಳೂರು, ಮೈಸೂರು ಕಡೆಯ ಮನೆಗಳಲ್ಲಿ "ಬೂಷ್ಟು" ಎಂದು ತೋರಿಸುವುದರಲ್ಲಿ ಸಾಕಷ್ಟು ಪಾಲು ಉಪ್ಪು. ಇಟ್ಟಿಗೆ, ಮರಳು, ಸಿಮೆಂಟಿನಲ್ಲಿರುವ ಲವಣ ನೀರಿನ ಜೊತೆ ಗೋಡೆಯ ಮೇಲಕ್ಕೆ ಬರುತ್ತದೆ. ನೀರು ಆರಿ ಹೋಗುತ್ತದೆ, ಬಿಳಿ ಪುಡಿ ಉಳಿಯುತ್ತದೆ. ಬೆರಳಿನಿಂದ ಉಜ್ಜಿದರೆ ಅದು ಗರಿಗರಿಯಾಗಿ ಉದುರುತ್ತದೆ, ಒಂದು ಹನಿ ನೀರು ಹಾಕಿದರೆ ಕರಗುತ್ತದೆ. ಬೂಷ್ಟು ಕರಗುವುದಿಲ್ಲ, ಮೆತ್ತಗೆ ಸವರಿಕೊಳ್ಳುತ್ತದೆ. ವಾಸನೆಯೂ ಬರುತ್ತದೆ. ಉಪ್ಪಿಗೆ ಬೂಷ್ಟಿನ ಔಷಧಿ ಹೊಡೆಸಿದರೆ ದುಡ್ಡು ದಂಡ. ಆದರೆ ಉಪ್ಪು ಕಂಡಿದೆ ಅಂದರೆ ನೀರು ಗೋಡೆಯ ಒಳಗಿನಿಂದಲೇ ಬರುತ್ತಿದೆ ಅನ್ನುವುದು ಖಾತ್ರಿ. ಆ ಸುಳಿವು ಬೆಲೆಬಾಳುವಂಥದ್ದು.

ಇನ್ನೊಂದು ಪರೀಕ್ಷೆಗೆ ಖರ್ಚೇ ಇಲ್ಲ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ತೇವ ಇರುವ ಜಾಗದಲ್ಲಿ ಗೋಡೆಗೆ ಇಟ್ಟು, ನಾಲ್ಕೂ ಅಂಚಿಗೆ ಟೇಪು ಅಂಟಿಸಿ. ಎರಡು ದಿನ ಬಿಡಿ. ಹಾಳೆಯ ಹಿಂಬದಿ, ಅಂದರೆ ಗೋಡೆ ಕಡೆ ಬೆವರು ಕಂಡರೆ ನೀರು ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆಗೆ ಬೆವರು ಕಂಡರೆ ಅದು ಗಾಳಿಯ ತೇವ. ಮೊದಲನೆಯದಕ್ಕೆ ಮೇಸ್ತ್ರಿ ಬೇಕು. ಎರಡನೆಯದಕ್ಕೆ ಕಿಟಕಿ, ಎಕ್ಸಾಸ್ಟ್ ಫ್ಯಾನು ಸಾಕಾಗಬಹುದು. ಇವೆರಡರ ನಡುವೆ ಎಷ್ಟೋ ಸಲ 1 ಲಕ್ಷದ ವ್ಯತ್ಯಾಸ ಇರುತ್ತದೆ. ಎರಡು ದಿನ ಕಾಯುವುದು ದೊಡ್ಡದಲ್ಲ ಅಲ್ವಾ?

ಬಾತ್‌ರೂಮಿನ ಗೋಡೆ

ಅಪಾರ್ಟ್‌ಮೆಂಟುಗಳಲ್ಲಿ ಜಾಸ್ತಿ ಜಗಳ, ಜಾಸ್ತಿ ಖರ್ಚು ಎರಡೂ ಇಲ್ಲೇ. ನಮ್ಮಲ್ಲಿ ಬಾತ್‌ರೂಮಿನ ಸ್ಲ್ಯಾಬನ್ನು ಉಳಿದ ನೆಲಕ್ಕಿಂತ ಸುಮಾರು 1 ಅಡಿ ಕೆಳಗೆ ಹಾಕುವ ರೂಢಿ ಇದೆ. ಸಂಕನ್ ಸ್ಲ್ಯಾಬ್ ಎನ್ನುತ್ತಾರೆ. ಆ ಗುಂಡಿಯಲ್ಲಿ ಪೈಪುಗಳು ಹೋಗುತ್ತವೆ. ಅದರ ಮೇಲೆ ಇಟ್ಟಿಗೆ ಚೂರು, ಗಾರೆ ತುಂಬಿ ಟೈಲ್ಸ್ ಹಾಕುತ್ತಾರೆ. ಟೈಲ್ಸ್ ಸಂದಿನ ಗ್ರೌಟು ಕೆಲವೇ ವರ್ಷದಲ್ಲಿ ಸವೆಯುತ್ತದೆ. ನಹಾನಿ ಟ್ರ್ಯಾಪಿನ, ಅಂದರೆ ನೆಲದ ನೀರು ಹೊರಹೋಗುವ ಜಾಲರಿ ಬಾಯಿಯ ಸುತ್ತ ಕೂದಲೆಳೆಯಷ್ಟು ಸಂದು ಬೀಳುತ್ತದೆ. ಸ್ನಾನದ ನೀರು ದಿನವೂ ಒಂದಿಷ್ಟು ಅಲ್ಲಿಂದ ಕೆಳಗಿಳಿಯುತ್ತದೆ. ಕೆಳಗಿನ ಗುಂಡಿ ತುಂಬಿದ ತೊಟ್ಟಿಯಂತೆ ನೀರು ಹಿಡಿದುಕೊಂಡು ಕೂರುತ್ತದೆ. ಆಮೇಲೆ ಆ ನೀರು ಎರಡು ದಾರಿ ಹುಡುಕುತ್ತದೆ. ಒಂದು ಪಕ್ಕದ ಗೋಡೆಯೊಳಗೆ ಇಂಗಿ ಮೇಲಕ್ಕೆ, ಇನ್ನೊಂದು ಕೆಳಗಿನ ಮನೆಯ ಸೀಲಿಂಗಿಗೆ.

ಬಾತ್‌ರೂಮನ್ನು ನಾಲ್ಕು ದಿನ ಬಳಸದಿದ್ದರೂ ಗೋಡೆ ಒಣಗುವುದಿಲ್ಲ. ಯಾಕೆ ಎಂದು ಈಗ ಗೊತ್ತಾಯಿತಲ್ಲ. ಒಳಗಿನ ಗುಂಡಿಯಲ್ಲಿ ಹಳೆಯ ನೀರು ನಿಂತಿರುತ್ತದೆ. ಇಂಥ ಗೋಡೆಗೆ ಬೆಡ್‌ರೂಮ್ ಕಡೆಯಿಂದ ಎಷ್ಟೇ ಒಳ್ಳೆಯ ವಾಟರ್‌ಪ್ರೂಫ್ ಪದರ ಹಚ್ಚಿದರೂ ನೀರು ಆ ಪದರದ ಅಂಚಿನವರೆಗೆ ಹೋಗಿ ಅಲ್ಲಿಂದ ಈಚೆ ಬರುತ್ತದೆ. ಮೊದಲು 3 ಅಡಿ ಎತ್ತರದಲ್ಲಿದ್ದ ಕಲೆ ಈಗ 5 ಅಡಿಗೆ ಏರಿದೆ ಎಂದು ಜನ ದೂರುವುದು ಇದಕ್ಕೇ.

ಒಡೆಯುವ ಮುಂಚೆ ಮಾಡಿಸಬೇಕಾದ ಎರಡು ಪರೀಕ್ಷೆಗಳಿವೆ. ಮೊದಲನೆಯದು ಪೈಪಿನದು. ಪ್ಲಂಬರ್ ಕರೆಸಿ ಗೋಡೆಯೊಳಗಿನ ನೀರಿನ ಲೈನಿಗೆ ಪ್ರೆಶರ್ ಟೆಸ್ಟ್ ಮಾಡಿಸಿ. ಪಂಪಿನಲ್ಲಿ ಒತ್ತಡ ಏರಿಸಿ ಬಿಟ್ಟಾಗ ಮುಳ್ಳು ಇಳಿದರೆ ಪೈಪು ಸೋರುತ್ತಿದೆ. ಇದಕ್ಕೆ 1ರಿಂದ 3 ಸಾವಿರ. ಎರಡನೆಯದು ನೆಲದ್ದು. ಟ್ರ್ಯಾಪಿಗೆ ಬಟ್ಟೆ ತುರುಕಿ, ನೆಲದ ಮೇಲೆ ಬಣ್ಣ ಕಲಸಿದ ನೀರನ್ನು ಒಂದು ದಿನ ನಿಲ್ಲಿಸಿ, ಕೆಳಗಿನ ಮನೆಯ ಸೀಲಿಂಗ್ ನೋಡಬೇಕು. ಪೈಪೇ ತಪ್ಪಿತಸ್ಥ ಎಂದಾದರೆ ಒಂದೆರಡು ಟೈಲ್ಸ್ ಒಡೆದು ಜಾಯಿಂಟ್ ಬದಲಿಸಿದರೆ ಮುಗಿಯಿತು, 3ರಿಂದ 10 ಸಾವಿರದೊಳಗಿನ ಕೆಲಸ. ಗ್ರೌಟು ಮಾತ್ರ ಹೋಗಿದ್ದರೆ ಹಳೆಯದನ್ನು ಕೆರೆದು ಎಪಾಕ್ಸಿ ಗ್ರೌಟ್ ತುಂಬಿಸಬಹುದು. ಒಂದು ಬಾತ್‌ರೂಮಿಗೆ 10ರಿಂದ 20 ಸಾವಿರ ಇಟ್ಟುಕೊಳ್ಳಿ. ಗುಂಡಿಯೊಳಗಿನ ಡ್ರೈನ್ ಪೈಪು ಅಥವಾ ವಾಟರ್‌ಪ್ರೂಫಿಂಗ್ ಹೋಗಿದ್ದರೆ ಒಡೆಯದೆ ಗತಿಯಿಲ್ಲ. 5 ಅಡಿ ಅಗಲ 8 ಅಡಿ ಉದ್ದದ ಬಾತ್‌ರೂಮಿಗೆ, ಸಾಧಾರಣ ಟೈಲ್ಸ್ ಹಾಕಿದರೂ, 60 ಸಾವಿರದಿಂದ 1.5 ಲಕ್ಷದವರೆಗೆ ಹೋಗುತ್ತದೆ. ಇದರಲ್ಲಿ ವಾಟರ್‌ಪ್ರೂಫಿಂಗ್ ಕೆಮಿಕಲ್ಲಿನ ಪಾಲು ತುಂಬಾ ಸಣ್ಣದು. ಒಡೆಯುವ ಕೂಲಿ, ಕಸ ಇಳಿಸಿ ಸಾಗಿಸುವುದು, ಪ್ಲಂಬಿಂಗ್, ಹೊಸ ಟೈಲ್ಸ್, ಕಮೋಡ್ ಬಿಚ್ಚಿ ಕೂರಿಸುವುದು ಇವೇ ಹೆಚ್ಚಿನದನ್ನು ತಿನ್ನುತ್ತವೆ. ಹಾಗಾಗಿ ಕೆಮಿಕಲ್ಲಿನಲ್ಲಿ ಉಳಿಸೋಕೆ ಹೋಗಬೇಡಿ. ಇಷ್ಟೆಲ್ಲ ಒಡೆದ ಮೇಲೆ 2 ಸಾವಿರ ಉಳಿಸಿ ಏನು ಪ್ರಯೋಜನ?

ಟೈಲ್ಸ್ ಕೂರಿಸುವ ಮುಂಚೆ ಒಂದು ಹಟ ಹಿಡಿಯಲೇಬೇಕು. ಹೊಸ ವಾಟರ್‌ಪ್ರೂಫಿಂಗ್ ಮೇಲೆ 48 ಗಂಟೆ ನೀರು ನಿಲ್ಲಿಸಿ ತೋರಿಸಲಿ. ಕೆಲಸದವರಿಗೆ ಇದು ಎರಡು ದಿನದ ಕೂಲಿ ನಷ್ಟ ಎನಿಸುತ್ತದೆ, "ಬೇಡ ಸಾರ್, ಗ್ಯಾರಂಟಿ ಇದೆ" ಎನ್ನುತ್ತಾರೆ. ಬೇಕು ಎನ್ನಿ.

ಮಳೆ ನೀರು

ಟೆರೇಸಿನಿಂದ ಇಳಿಯುವ ನೀರಿನ ಲೆಕ್ಕ ಸುಲಭ. ಚದರ ಅಡಿಗೆ ಇಷ್ಟು. ಅಕ್ರಿಲಿಕ್ ಕೋಟಿಂಗ್ ಆದರೆ 30ರಿಂದ 60 ರೂಪಾಯಿ, ಪಾಲಿಯುರೆಥೇನ್ ಆದರೆ 70ರಿಂದ 130 ರೂಪಾಯಿ. 1,000 ಚದರ ಅಡಿಯ ಟೆರೇಸಿಗೆ 30 ಸಾವಿರದಿಂದ 1.3 ಲಕ್ಷ. ಈ ಅಂತರ ಬರೀ ಬ್ರಾಂಡಿನದಲ್ಲ. ಎಷ್ಟು ಕೋಟು, ಮಧ್ಯೆ ಫೈಬರ್ ಬಟ್ಟೆ ಹಾಕುತ್ತಾರಾ, ಬಿರುಕು ಬಿಡಿಸಿ ತುಂಬುತ್ತಾರಾ, ಪ್ಯಾರಪೆಟ್ ಗೋಡೆ ಸೇರುವ ಮೂಲೆಗೆ ಗೋಲಾ (ಗಾರೆಯಿಂದ ದುಂಡಗೆ ಮಾಡಿದ ಅಂಚು) ಕಟ್ಟುತ್ತಾರಾ ಎಂಬುದರ ಮೇಲೆ ಹೋಗುತ್ತದೆ. ನೀರು ಇಳಿಯುವುದು ಹೆಚ್ಚಾಗಿ ಆ ಮೂಲೆಯಲ್ಲಿ, ಇಲ್ಲವೇ ಮಳೆನೀರಿನ ಪೈಪಿನ ಬಾಯಲ್ಲಿ. ಕೊಟೇಷನ್ನಿನಲ್ಲಿ ಮೂಲೆಯ ಮಾತೇ ಇಲ್ಲದಿದ್ದರೆ ಕೇಳಿ. ಟೆರೇಸಿನಲ್ಲಿ ನೀರು ನಿಲ್ಲುತ್ತಿದ್ದರೆ ಕೋಟಿಂಗಿಗೆ ಮುಂಚೆ ಇಳಿಜಾರು ಸರಿ ಮಾಡಿಸಬೇಕು, ಅದರ ಖರ್ಚು ಬೇರೆ.

ಕರಾವಳಿ ಮತ್ತು ಮಲೆನಾಡಿನ ಕಥೆಯೇ ಬೇರೆ. ಬೆಂಗಳೂರಿನಲ್ಲಿ ವರ್ಷಕ್ಕೆ 1,000 ಮಿಲಿಮೀಟರ್ ಹತ್ತಿರ ಮಳೆ. ಮಂಗಳೂರಿನಲ್ಲಿ ಅದರ ಮೂರೂವರೆ ಪಟ್ಟು, ಆಗುಂಬೆಯಲ್ಲಿ ಏಳು ಪಟ್ಟಿಗೂ ಜಾಸ್ತಿ. ಅದೂ ನಾಲ್ಕು ತಿಂಗಳಲ್ಲಿ, ಗಾಳಿಯ ಜೊತೆ ಪಡುವಣದ ಗೋಡೆಗೆ ಅಡ್ಡವಾಗಿ ಹೊಡೆಯುವ ಮಳೆ. ಕೆಂಪುಕಲ್ಲಿನ ಗೋಡೆ ನೀರು ಕುಡಿಯುತ್ತದೆ. ಹಿಂದೆ ಮಳೆ ಹಿಡಿಯುವ ಮುಂಚೆ ಅಡಿಕೆ ಸೋಗೆಯಿಂದಲೋ ತೆಂಗಿನ ಗರಿಯಿಂದಲೋ ತಟ್ಟಿ ಹೆಣೆದು ಜಗಲಿಗೆ, ಗೋಡೆಗೆ ಕಟ್ಟುತ್ತಿದ್ದರು. ಮಾಡು ಗೋಡೆಯಿಂದ ಮೂರ್ನಾಲ್ಕು ಅಡಿ ಮುಂದಕ್ಕೆ ಚಾಚಿರುತ್ತಿತ್ತು. ತಾರಸಿ ಮನೆ ಕಟ್ಟಿದ ಮೇಲೆ ಈ ಎರಡೂ ಹೋದವು, ಬೂಷ್ಟು ಒಳಗೆ ಬಂತು. ಈಗ ದಕ್ಷಿಣ ಕನ್ನಡ, ಉಡುಪಿ, ತೀರ್ಥಹಳ್ಳಿ ಕಡೆ ತಾರಸಿಯ ಮೇಲೆ ಶೀಟು ಹಾಕಿಸುವುದು ಮಾಮೂಲಿಯಾಗಿದೆ. ಕಬ್ಬಿಣದ ಟ್ರಸ್ ಸೇರಿ ಚದರ ಅಡಿಗೆ 150ರಿಂದ 300 ರೂಪಾಯಿ ಬೀಳುತ್ತದೆ. ಕೋಟಿಂಗಿಗಿಂತ ದುಬಾರಿ ನಿಜ. ಆದರೆ ಕೋಟಿಂಗನ್ನು ಐದಾರು ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು, ಶೀಟು ಅದಕ್ಕಿಂತ ಬಹಳ ಕಾಲ ನಿಲ್ಲುತ್ತದೆ. ಜೊತೆಗೆ ಬಟ್ಟೆ ಒಣಗಿಸೋಕೆ, ಅಡಿಕೆ ಹರಡೋಕೆ ಜಾಗವೂ ಸಿಗುತ್ತದೆ. ಆ ಭಾಗದಲ್ಲಿ ಇದೇ ಬುದ್ಧಿವಂತಿಕೆಯ ಖರ್ಚು ಎಂದು ನನಗನ್ನಿಸುತ್ತದೆ. ಶೀಟಿನ ಅಂಚನ್ನು ಗೋಡೆಯಿಂದ ಆದಷ್ಟು ಆಚೆಗೆ ಬಿಡಿಸಿ.

ಒಂದು ಎಚ್ಚರ: ಮಳೆಗಾಲದಲ್ಲಿ ಒದ್ದೆ ಸ್ಲ್ಯಾಬಿನ ಮೇಲೆ ಹಚ್ಚಿದ ಕೋಟಿಂಗ್ ಹಿಡಿದುಕೊಳ್ಳುವುದಿಲ್ಲ. ಸೋರುವಾಗ ಕಲೆಯ ಫೋಟೋ ತೆಗೆದಿಟ್ಟುಕೊಳ್ಳಿ, ಕೆಲಸವನ್ನು ಡಿಸೆಂಬರ್ ಆದ ಮೇಲೆ ಮಾಡಿಸಿ. ಏಪ್ರಿಲ್, ಮೇನಲ್ಲಿ ಎಲ್ಲರೂ ಒಟ್ಟಿಗೆ ಕರೆಯುತ್ತಾರೆ. ಆಗ ಕೆಲಸದವರು ಸಿಗುವುದೂ ಕಷ್ಟ, ಚೌಕಾಸಿ ಮಾಡುವುದೂ ಕಷ್ಟ.

ನೆಲದಿಂದ ಏರುವ ತೇವ, ಗಾಳಿಯ ತೇವ

ಹಳೆಯ ಮನೆಗಳಲ್ಲಿ ಪಾಯದ ಮೇಲೆ ತೇವ ತಡೆಯುವ ಪದರ ಇಲ್ಲದಿದ್ದರೆ ಮಣ್ಣಿನ ನೀರು ಗೋಡೆಯಲ್ಲಿ 3-4 ಅಡಿವರೆಗೆ ಏರುತ್ತದೆ. ಗೋಡೆಯ ಬುಡದಲ್ಲಿ ಸಾಲಾಗಿ ತೂತು ಕೊರೆದು ಕೆಮಿಕಲ್ ತುಂಬಿಸುವುದು ಇದಕ್ಕಿರುವ ಕೆಲಸ. ಒಂದು ಕೋಣೆಗೇ ಹತ್ತಾರು ಸಾವಿರ ಆಗುತ್ತದೆ. ಅದಕ್ಕೆ ಮುಂಚೆ ಮನೆಯ ಹೊರಗೆ ಒಂದು ಸುತ್ತು ಬನ್ನಿ. ಗೋಡೆಗೆ ಒತ್ತಿಕೊಂಡು ಹೂವಿನ ಪಾತಿ ಇದೆಯಾ, ಬಚ್ಚಲ ನೀರು ಅಲ್ಲೇ ಇಂಗುತ್ತಿದೆಯಾ, ಅಂಗಳದ ಮಣ್ಣು ಒಳಗಿನ ನೆಲಕ್ಕಿಂತ ಎತ್ತರಕ್ಕೆ ಬಂದಿದೆಯಾ? ಪಾತಿ ತೆಗೆದು ನೀರು ಆಚೆ ಹರಿಯುವಂತೆ ಮಾಡಿದರೆ ಕೆಲವು ಗೋಡೆ ಅಷ್ಟಕ್ಕೇ ಒಣಗುತ್ತವೆ. ಅದಕ್ಕೆ ಎರಡು ಆಳಿನ ಒಂದು ದಿನದ ಕೂಲಿ ಸಾಕು.

ಗಾಳಿಯ ತೇವ ಇನ್ನೂ ಅಗ್ಗ. ಮಡಿಕೇರಿಯಲ್ಲೋ ಸಾಗರದಲ್ಲೋ ಜುಲೈನಲ್ಲಿ ಬೀರು ತೆಗೆದರೆ ರೇಷ್ಮೆ ಸೀರೆಯ ಪೆಟ್ಟಿಗೆ, ಚಪ್ಪಲಿ, ಬೆಲ್ಟು ಎಲ್ಲಕ್ಕೂ ಬೂದು ಬಣ್ಣದ ಬೂಷ್ಟು. ಗೋಡೆ ಸೋರುತ್ತಿಲ್ಲ, ಗಾಳಿಯೇ ನೀರು ಹೊತ್ತಿದೆ. ಇಲ್ಲಿ ವಾಟರ್‌ಪ್ರೂಫಿಂಗಿಗೆ ಒಂದು ರೂಪಾಯಿಯೂ ಬೇಕಿಲ್ಲ. ಬೀರುವನ್ನು ಗೋಡೆಯಿಂದ 3-4 ಇಂಚು ಮುಂದೆ ಇಡಿ. ಒಣಗದ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹರಡಬೇಡಿ. ಬಾತ್‌ರೂಮಿಗೆ 1,500ರಿಂದ 3,000 ರೂಪಾಯಿಯ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಗಾಳಿಯ ತೇವ ತೋರಿಸುವ ಸಣ್ಣ ಮೀಟರು 500 ರೂಪಾಯಿಯೊಳಗೆ ಸಿಗುತ್ತದೆ. ಮನೆಯೊಳಗೆ ಅದು ಶೇ. 60ರ ಕೆಳಗಿದ್ದರೆ ಒಳ್ಳೆಯದು. ಮಲೆನಾಡಿನ ಮಳೆಗಾಲದಲ್ಲಿ ಕಿಟಕಿ ತೆರೆದು ಅಷ್ಟಕ್ಕೆ ಇಳಿಸೋಕೆ ಆಗುವುದಿಲ್ಲ. ಮನೆಯಲ್ಲಿ ಉಬ್ಬಸದವರಿದ್ದರೆ ಕಂಪ್ರೆಸರ್ ಇರುವ ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವ ತೆಗೆಯುವ ಯಂತ್ರ, ಕೊಳ್ಳಬಹುದು. ಕಂಪ್ರೆಸರ್ ಇಲ್ಲದ ಪುಟ್ಟ ಯಂತ್ರಗಳು ಅಗ್ಗ, ಆದರೆ ಒಂದು ಕೋಣೆಗೆ ಅವು ಸಾಲುವುದಿಲ್ಲ.

ಬೂಷ್ಟನ್ನೇ ತೆಗೆಯುವ ಕೆಲಸ

ನೀರು ನಿಂತ ಮೇಲಿನ ಮಾತು ಇದು. 10 ಅಡಿಗೆ 10 ಅಡಿಯ ಒಂದು ಗೋಡೆ ಎಂದುಕೊಳ್ಳಿ. ಉಬ್ಬಿದ ಬಣ್ಣ, ಪುಟ್ಟಿ ಕೆರೆಯಬೇಕು. ಬೂಷ್ಟು ಕೊಲ್ಲುವ ದ್ರಾವಣದಲ್ಲಿ ತೊಳೆದು ಒಣಗಲು ಬಿಡಬೇಕು. ಆಮೇಲೆ ಪ್ರೈಮರ್, ಪುಟ್ಟಿ, ಎರಡು ಕೋಟು ಬಣ್ಣ. ಪೇಂಟರ್ ಕೂಲಿ ದಿನಕ್ಕೆ 1,000-1,200ರಂತೆ 3 ದಿನ, ಸಾಮಾನಿಗೆ 3-4 ಸಾವಿರ. ಒಟ್ಟು 6-8 ಸಾವಿರ. ಅಂದರೆ ಮೊದಲು ಬಂದ ಪೇಂಟರ್ ಸರಿಯಾದ ರೇಟನ್ನೇ ಹೇಳಿದ್ದರು. ಆದರೆ ಅವರ ಸರದಿ ಕೊನೆಯಲ್ಲಿ ಬರಬೇಕಿತ್ತು. ಗಾರೆ ಕೆಡವಿ ಹೊಸದಾಗಿ ಮಾಡಿಸಿದ್ದರೆ ಅದು ಒಣಗಲು 3-4 ವಾರ ಬಿಟ್ಟು ಬಣ್ಣ ಹೊಡೆಸಿ.

ಒಣ ಬೂಷ್ಟನ್ನು ಹಾಗೇ ಕೆರೆಯಲು ಬಿಡಬೇಡಿ. ಬೀಜಕಣ ಮನೆಯೆಲ್ಲ ಹಾರುತ್ತದೆ. ಮೊದಲು ಗೋಡೆಯನ್ನು ಸ್ಪ್ರೇ ಮಾಡಿ ಒದ್ದೆ ಮಾಡಬೇಕು. ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಬೇಕು, ಹಾಸಿಗೆ ಬಟ್ಟೆ ಆಚೆ ಹೋಗಬೇಕು, ಕೆರೆಯುವವರು ಎನ್-95 ಮಾಸ್ಕ್ ಹಾಕಿರಬೇಕು. ಕೆಲಸದವರಿಗೆ ಆ ಮಾಸ್ಕ್ ತೆಗೆದುಕೊಡುವುದು ನಮ್ಮ ಜವಾಬ್ದಾರಿ ಎಂದೇ ತಿಳಿಯಿರಿ. ದಿನವಿಡೀ ಆ ಧೂಳು ಕುಡಿಯುವವರು ಅವರೇ ಅಲ್ವಾ. ಇನ್ನೊಂದು, ಬ್ಲೀಚಿಂಗ್ ದ್ರಾವಣವನ್ನು ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಯಾವತ್ತೂ ಬೆರೆಸಬಾರದು. ಕ್ಲೋರಿನ್ ವಿಷಾನಿಲ ಹೊರಡುತ್ತದೆ. ಮುಚ್ಚಿದ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಕುತ್ತು.

ವಾರ್ಡ್‌ರೋಬಿನ ಹಿಂದಿನ ಪ್ಲೈ ಉಬ್ಬಿ ಪದರ ಬಿಟ್ಟಿದ್ದರೆ ತೊಳೆದು ಉಳಿಸುವ ಆಸೆ ಬೇಡ. ಬೂಷ್ಟು ಮರದೊಳಗೆ ಇಳಿದಿರುತ್ತದೆ. ಆ ಹಲಗೆ ಬದಲಿಸಿ. ಕೊಟೇಷನ್ನಿನಲ್ಲಿ ಕಾಣದೆ ಆಮೇಲೆ ಬಂದು ಬೀಳುವ ಖರ್ಚು ಸಾಮಾನ್ಯವಾಗಿ ಈ ಬಡಗಿ ಕೆಲಸದ್ದೇ.

ಅಮೆರಿಕದಲ್ಲಿ ಮನೆ ಇರುವವರಿಗೆ

ಡಲ್ಲಾಸ್, ಹ್ಯೂಸ್ಟನ್, ನ್ಯೂಜೆರ್ಸಿ ಕಡೆ ಮನೆ ಕೊಂಡಿರುವ ಕನ್ನಡಿಗರು ಸಾಕಷ್ಟಿದ್ದಾರೆ. ಅಲ್ಲಿಯ ರೇಟು ಕೇಳಿದರೆ ಊರಿನವರಿಗೆ ಎದೆ ಝಲ್ಲೆನ್ನುತ್ತದೆ. ಬೂಷ್ಟು ತೆಗೆಯಲು ಚದರ ಅಡಿಗೆ 10ರಿಂದ 25 ಡಾಲರ್. ಸಾಧಾರಣ ಕೆಲಸಕ್ಕೆ ಒಂದರಿಂದ ನಾಲ್ಕು ಸಾವಿರ ಡಾಲರ್, ಪ್ರವಾಹ ನುಗ್ಗಿದ ಮನೆಗೆ 10 ಸಾವಿರ ದಾಟಿ ಹೋಗುವುದೂ ಇದೆ. ಅಲ್ಲಿ ಒಳಗೋಡೆ ಇಟ್ಟಿಗೆಯದಲ್ಲ, ಡ್ರೈವಾಲ್. ಎರಡು ಕಾಗದದ ನಡುವೆ ಜಿಪ್ಸಮ್. ಕಾಗದ ಬೂಷ್ಟಿಗೆ ಹಬ್ಬದೂಟ. ತೊಳೆದರೆ ಹೋಗುವುದಿಲ್ಲ, ಕತ್ತರಿಸಿಯೇ ತೆಗೆಯಬೇಕು. ಕೋಣೆಯನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿ, ಗಾಳಿಯನ್ನು ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ಮೂಲಕ ಎಳೆದು ಹೊರಬಿಡುತ್ತಾ, ಗೋಡೆಯನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಸಾಗಿಸುತ್ತಾರೆ. ಹೆಚ್ಚಿನ ದುಡ್ಡು ಹೋಗುವುದು ಈ ಕೂಲಿಗೆ, ಯಂತ್ರಗಳ ಬಾಡಿಗೆಗೆ.

ಅಲ್ಲಿಯ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಹೇಳುವ ಪ್ರಕಾರ ಬೂಷ್ಟು 10 ಚದರ ಅಡಿಗಿಂತ, ಅಂದರೆ ಸುಮಾರು 3 ಅಡಿ ಚೌಕಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಮನೆಯವರೇ ತೆಗೆಯಬಹುದು. ಬೂಷ್ಟು ಕಣ್ಣಿಗೇ ಕಾಣುತ್ತಿದ್ದರೆ ಗಾಳಿಯ ಸ್ಯಾಂಪಲ್ ಪರೀಕ್ಷೆ ಹೆಚ್ಚಿನ ಸಲ ಬೇಕಿಲ್ಲ ಎಂದೂ ಅದು ಹೇಳುತ್ತದೆ. ನೂರಾರು ಡಾಲರ್ ಉಳಿಯುವ ಮಾತು ಇದು. ಟೆಕ್ಸಾಸ್, ಫ್ಲಾರಿಡಾ, ನ್ಯೂಯಾರ್ಕ್ ರಾಜ್ಯಗಳಲ್ಲಿ ಬೂಷ್ಟು ಪರೀಕ್ಷೆ ಮಾಡಿದವರೇ ಅದೇ ಮನೆಯ ಬೂಷ್ಟು ತೆಗೆಯುವ ಕೆಲಸ ಹಿಡಿಯುವುದಕ್ಕೆ ಕಾನೂನಿನ ತಡೆ ಇದೆ. ಟೆಕ್ಸಾಸ್‌ನಲ್ಲಿ ಒಂದೇ ಕಡೆ 25 ಚದರ ಅಡಿ ಅಥವಾ ಅದಕ್ಕಿಂತ ಜಾಸ್ತಿ ಬೂಷ್ಟು ಇದ್ದರೆ ಕೆಲಸದವರಿಗೆ ಲೈಸೆನ್ಸ್ ಬೇಕು. ಕೆಲಸ ಮುಗಿದ ಮೇಲೆ ಸರ್ಟಿಫಿಕೇಟ್ ಕೊಡುತ್ತಾರೆ, ಅದನ್ನು ಎತ್ತಿಡಿ. ಮನೆ ಮಾರುವಾಗ ಕೊಳ್ಳುವವರಿಗೆ ಕೊಡಬೇಕಾಗುತ್ತದೆ.

ಇನ್ಶೂರೆನ್ಸ್ ಮೇಲೆ ಜಾಸ್ತಿ ಭರವಸೆ ಬೇಡ. 2001ರಲ್ಲಿ ಟೆಕ್ಸಾಸ್‌ನ ಜ್ಯೂರಿಯೊಂದು ಬೂಷ್ಟು ಹಿಡಿದ ಒಂದು ಮನೆಗೆ 3.2 ಕೋಟಿ ಡಾಲರ್ ಕೊಡಬೇಕೆಂದು ವಿಮಾ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು. ಆ ಮೊತ್ತ ಆಮೇಲೆ ಬಹಳ ಇಳಿಯಿತು. ಆದರೆ ಆ ಕಾಲದ ಕ್ಲೇಮುಗಳ ಅಲೆಗೆ ಹೆದರಿ ಕಂಪನಿಗಳು ಪಾಲಿಸಿಯಲ್ಲಿ ಬೂಷ್ಟನ್ನು ಹೊರಗಿಟ್ಟವು, ಇಲ್ಲವೇ ಸಣ್ಣ ಮಿತಿ ಹಾಕಿದವು. ಪೈಪು ಏಕಾಏಕಿ ಒಡೆದು ಬಂದ ಬೂಷ್ಟಿಗೆ ಒಂದಿಷ್ಟು ಸಿಗಬಹುದು. ತಿಂಗಳುಗಟ್ಟಲೆ ಸೋರಿದ್ದಕ್ಕೆ ಸಿಗುವುದಿಲ್ಲ.

ಖರ್ಚು ಯಾರದ್ದು?

ಮತ್ತೆ ಕರ್ನಾಟಕಕ್ಕೆ ಬರೋಣ. ಹೊಸ ಅಪಾರ್ಟ್‌ಮೆಂಟಿನಲ್ಲಿದ್ದೀರಾ? ಕೀ ಕೈಗೆ ಬಂದು 5 ವರ್ಷ ಆಗಿಲ್ಲವಾ? ಹಾಗಾದರೆ ಯಾರನ್ನೂ ಕರೆಸುವ ಮುಂಚೆ ಬಿಲ್ಡರಿಗೆ ಬರೆಯಿರಿ. ರಿಯಲ್ ಎಸ್ಟೇಟ್ ವ್ಯವಹಾರ ನಿಯಂತ್ರಿಸುವ 2016ರ ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಪೊಸೆಷನ್ ಕೊಟ್ಟ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ಅಥವಾ ಕೆಲಸದ ಗುಣಮಟ್ಟದಲ್ಲಿ ದೋಷ ತೋರಿಸಿದರೆ ಬಿಲ್ಡರ್ 30 ದಿನದೊಳಗೆ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಬಾತ್‌ರೂಮಿನ ವಾಟರ್‌ಪ್ರೂಫಿಂಗ್ ಹೋಗುವುದು ಕೆಲಸದ ದೋಷವೇ. ಫೋನಿನಲ್ಲಿ ಹೇಳಿ ಸುಮ್ನೆ ಕೂರಬೇಡಿ. ದಿನಾಂಕ, ಫೋಟೋ ಸಮೇತ ಇಮೇಲ್ ಹಾಕಿ. ಸ್ಪಂದಿಸದಿದ್ದರೆ ಕರ್ನಾಟಕ ರೇರಾ ಪ್ರಾಧಿಕಾರಕ್ಕೆ ದೂರು ಕೊಡಬಹುದು. 5 ವರ್ಷ ಮುಗಿಯಲು ಎರಡು ತಿಂಗಳಿದೆ ಅಂದರೆ ಇವತ್ತೇ ಮನೆಯ ಎಲ್ಲ ಗೋಡೆ ಒಮ್ಮೆ ನೋಡಿ.

ಹಳೆಯ ಅಪಾರ್ಟ್‌ಮೆಂಟಾದರೆ ನೀರು ಎಲ್ಲಿಂದ ಬಂತು ಅನ್ನುವುದರ ಮೇಲೆ ಖರ್ಚಿನ ಪಾಲು ನಿಲ್ಲುತ್ತದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಮುಖ್ಯ ಗೋಡೆ, ಚಾವಣಿಗಳನ್ನು ಎಲ್ಲರಿಗೂ ಸೇರಿದ ಭಾಗ ಎಂದು ಎಣಿಸುತ್ತದೆ. ಟೆರೇಸ್, ಹೊರಗೋಡೆ, ಎಲ್ಲರ ಮನೆಗೂ ಸೇರಿದ ಡ್ರೈನ್ ಪೈಪು ಸೋರಿದರೆ ಅಸೋಸಿಯೇಷನ್ ಖರ್ಚು ಹಾಕಬೇಕಾಗುತ್ತದೆ. ಮೇಲಿನ ಮನೆಯ ಬಾತ್‌ರೂಮ್ ನೆಲ ಸೋರಿದರೆ ಸಾಮಾನ್ಯವಾಗಿ ಆ ಮನೆಯವರ ಖರ್ಚು. ಈ ಮಾತು ಜಗಳಕ್ಕೆ ತಿರುಗದಿರಬೇಕಾದರೆ ಬಣ್ಣದ ನೀರಿನ ಪರೀಕ್ಷೆಯನ್ನು ಇಬ್ಬರೂ ನಿಂತು ನೋಡಬೇಕು. "ಅಣ್ಣ, ಒಂದು ದಿನ ನೀರು ನಿಲ್ಲಿಸಿ ನೋಡೋಣ, ನಿಮ್ಮದಲ್ಲ ಅಂದರೆ ನಾನೇ ಬೇರೆ ಕಡೆ ಹುಡುಕಿಸ್ತೀನಿ" ಎಂದರೆ ಬಹಳ ಜನ ಒಪ್ಪುತ್ತಾರೆ.

ಮನೆ ವಿಮೆಯ ಬಗ್ಗೆಯೂ ಒಂದು ಮಾತು. 2021ರ ಏಪ್ರಿಲ್‌ನಿಂದ ಸಿಗುತ್ತಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಪ್ರವಾಹ, ನೀರಿನ ಟ್ಯಾಂಕ್ ಅಥವಾ ಪೈಪ್ ಒಡೆದು ಉಕ್ಕಿ ಆದ ಹಾನಿ ಸೇರಿದೆ. ನಿಧಾನವಾಗಿ ಒಸರಿ ಬಂದ ತೇವಕ್ಕೆ ಅಲ್ಲೂ ದುಡ್ಡು ಸಿಗುವುದು ಕಷ್ಟವೇ.

ಕೊಟೇಷನ್ ಕೈಗೆ ಬಂದಾಗ

ಒಳ್ಳೆಯ ಕೊಟೇಷನ್ನಿನ ಮೊದಲ ಸಾಲಿನಲ್ಲಿ ನೀರಿನ ಮೂಲ ಬರೆದಿರುತ್ತದೆ. "ಬಾತ್‌ರೂಮ್ ಟ್ರ್ಯಾಪ್ ಜಾಯಿಂಟ್ ಸೋರಿಕೆ, ಪರೀಕ್ಷೆಯಿಂದ ಖಚಿತ" ಎಂಬಂಥ ಒಂದು ಸಾಲು. "ಬೆಡ್‌ರೂಮ್ ಡ್ಯಾಂಪ್‌ನೆಸ್ ಟ್ರೀಟ್‌ಮೆಂಟ್, ಲಂಪ್‌ಸಮ್" ಎಂದಷ್ಟೇ ಇದ್ದರೆ ಸಹಿ ಹಾಕಬೇಡಿ. ಪೇಂಟ್ ಕಂಪನಿಗಳವರು ಪುಕ್ಕಟೆಯಾಗಿ ಬಂದು ಮೀಟರ್ ಹಿಡಿದು ನೋಡಿ ಹೋಗುತ್ತಾರೆ. ನೋಡಿಸಿಕೊಳ್ಳಿ, ತಪ್ಪಿಲ್ಲ. ಆದರೆ ಮೀಟರ್ ಹೇಳುವುದು ಗೋಡೆ ಒದ್ದೆ ಇದೆ ಎಂದಷ್ಟೇ. ನೀರು ಎಲ್ಲಿಂದ ಎಂಬುದನ್ನು ಅದು ಹೇಳುವುದಿಲ್ಲ. ಕೆಲಸ ದೊಡ್ಡದಿದ್ದರೆ, ಕೆಲಸ ಹಿಡಿಯುವ ಆಸೆ ಇಲ್ಲದ ಸಿವಿಲ್ ಎಂಜಿನಿಯರ್ ಒಬ್ಬರಿಗೆ ಕೆಲವು ಸಾವಿರ ಕೊಟ್ಟು ತೋರಿಸಿ. ಪರೀಕ್ಷೆ ಮಾಡುವವರನ್ನೂ ಕೆಲಸ ಮಾಡುವವರನ್ನೂ ಟೆಕ್ಸಾಸ್ ಕಾನೂನು ಮಾಡಿ ಬೇರೆ ಮಾಡಿಸಿದ್ದನ್ನು ಇಲ್ಲಿ ನಾವೇ ಮಾಡಿಕೊಳ್ಳಬೇಕು.

ವಾರಂಟಿ ಎಷ್ಟು ವರ್ಷ ಎನ್ನುವುದಕ್ಕಿಂತ ಯಾವುದಕ್ಕೆ ಎಂದು ಓದಿ. ಹಲವು ವಾರಂಟಿಗಳು ಹಚ್ಚಿದ ಪದರಕ್ಕೆ ಮಾತ್ರ. ಸಾಮಾನು ಮತ್ತೆ ಕೊಡುತ್ತಾರೆ, ಕೂಲಿ ನಿಮ್ಮದು. ಜಿಎಸ್‌ಟಿ ಎಂದು ಶೇ. 18 ಸೇರಿಸಿದ್ದರೆ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರು ಇರಲೇಬೇಕು. ವರ್ಷಕ್ಕೆ 20 ಲಕ್ಷದೊಳಗೆ ವ್ಯವಹಾರ ಇರುವ, ನೋಂದಣಿ ಮಾಡಿಸದ ಸಣ್ಣ ಕಂಟ್ರಾಕ್ಟರ್ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಕಸ ಸಾಗಿಸುವುದು, ಟೈಲ್ಸ್, ಬಣ್ಣ ಇವು ಕೊಟೇಷನ್ನಿನ ಒಳಗಿವೆಯೋ ಹೊರಗಿವೆಯೋ ಎಂದು ಬರೆಸಿಕೊಳ್ಳಿ.

ದುಡ್ಡನ್ನು ಕಂತಿನಲ್ಲಿ ಕೊಡಿ. ಸಾಮಾನಿಗೆ ಎಂದು ಅಡ್ವಾನ್ಸ್ ಕೇಳುವುದು ನ್ಯಾಯವೇ, ಆದರೆ ಅದು ಮೂರನೇ ಒಂದು ಪಾಲು ದಾಟದಿರಲಿ. ಎರಡನೇ ಕಂತು ನೀರು ನಿಲ್ಲಿಸಿದ ಪರೀಕ್ಷೆ ಪಾಸಾದ ಮೇಲೆ. ಬಣ್ಣದವರನ್ನು ಕರೆಸುವುದು ಗೋಡೆ ಒಣಗಿದ ಮೇಲೆ, ಪ್ಲಾಸ್ಟಿಕ್ ಹಾಳೆ ಇನ್ನೊಮ್ಮೆ ಅಂಟಿಸಿ ನೋಡಿಕೊಂಡು. ಟೆರೇಸ್ ಕೆಲಸವಾದರೆ 10-15 ಪರ್ಸೆಂಟನ್ನು ಮೊದಲ ಜೋರು ಮಳೆ ಬಂದು ಹೋಗುವವರೆಗೆ ಹಿಡಿದಿಟ್ಟುಕೊಳ್ಳುವುದಾಗಿ ಮೊದಲೇ ಬಾಯಿಬಿಟ್ಟು ಹೇಳಿ, ಕೊಟೇಷನ್ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳಿ. ಕೆಲಸದ ಮೇಲೆ ನಂಬಿಕೆ ಇರುವ ಮೇಸ್ತ್ರಿ ಇದಕ್ಕೆ ಒಪ್ಪುತ್ತಾರೆ. ಮಳೆ ಬಂದ ಮೇಲೆ ಗೋಡೆ ಒಣಗಿಯೇ ಇದ್ದರೆ ಆ ಬಾಕಿಯನ್ನು ಅವರು ಕೇಳುವ ಮುಂಚೆಯೇ ಕೊಟ್ಟುಬಿಡಿ.